ಮತ್ತೆ ಮತ್ತೆ ಓದುವ ಕಾದಂಬರಿಗಳು: ಕೇರಿಯ ಕಡೆಯಿಂದ ಕೆಲವು ಮಾತು

ದಲಿತ ವಿಮರ್ಶೆ ಎಂದ ಕೂಡಲೇ ಬಹಳ ಜನ ಒಂದು ಖಟ್ಲೆಯನ್ನು ಕಲ್ಪಿಸಿಕೊಳ್ಳುತ್ತಾರೆ. ಕಟಕಟೆಯಲ್ಲಿ ಒಬ್ಬ ಮೇಲ್ಜಾತಿಯ ಲೇಖಕ, ಎದುರಿಗೆ ನಾವು, ಕೈಯಲ್ಲಿ ಆರೋಪಪಟ್ಟಿ. ಈ ಚಿತ್ರ ಪೂರ್ತಿ ಸುಳ್ಳೇನಲ್ಲ. ಆರೋಪ ಹೊರಿಸಬೇಕಾದ ಪುಸ್ತಕಗಳು ಬೇಕಾದಷ್ಟಿವೆ, ಹೊರಿಸಿದ್ದೂ ಆಗಿದೆ, ಇನ್ನೂ ಆಗಬೇಕು. ಆದರೆ ನಾನಿಲ್ಲಿ ಹೇಳಹೊರಟಿರುವುದು ಬೇರೆ ಥರದ ಪುಸ್ತಕಗಳ ಬಗ್ಗೆ. ಓದಿ ಮುಗಿಸಿ ಗೂಡಿಗೆ ಸೇರಿಸಿದ ಮೇಲೂ ಮತ್ತೆ ಇಳಿಸಿಕೊಂಡು ಓದುವ, ಬೈಂಡು ಕಿತ್ತು ಹಾಳೆ ಬಿಡಿಬಿಡಿಯಾದರೂ ಬಿಸಾಕಲು ಮನಸ್ಸು ಬಾರದ ಕಾದಂಬರಿಗಳ ಬಗ್ಗೆ.

'ಮೆಚ್ಚಿನ ಕಾದಂಬರಿ' ಎಂಬ ಮಾತು ಚಳವಳಿಯ ಗೆಳೆಯರ ಬಾಯಲ್ಲಿ ಸುಲಭವಾಗಿ ಬರುವುದಿಲ್ಲ. ಮೆಚ್ಚುವುದು, ಮೆಚ್ಚಿದ್ದನ್ನು ಮತ್ತೆ ಓದುವುದು ಹೊಟ್ಟೆ ತುಂಬಿದವರ ಕೆಲಸ ಎಂಬ ಅನುಮಾನ. ಒಂದು ಅಧ್ಯಯನ ಶಿಬಿರದಲ್ಲಿ ಗೆಳೆಯರೊಬ್ಬರು ಎದ್ದು ನಿಂತು, "ತಾಲೂಕಾಫೀಸಿಗೆ ಅರ್ಜಿ ಬರೆಯೋಕೆ ಜನ ಇಲ್ಲ, ನೀವು ಓದಿದ್ದನ್ನೇ ಓದ್ತಾ ಕೂತಿದೀರಲ್ಲ ಸಾರ್" ಅಂದರು. ಅವರ ಮಾತಿನಲ್ಲಿ ಕುಹಕ ಇರಲಿಲ್ಲ, ಆಯಾಸ ಇತ್ತು. ಇನ್ನೊಂದು ಕಡೆ ಸಾಹಿತ್ಯ ವಲಯದ ಹಿರಿಯರು. "ಒಳ್ಳೇ ಕೃತಿ ಕಣ್ರೀ ಅದು, ಪ್ರೀತಿಯಿಂದ ಓದಿ, ಎಲ್ಲದಕ್ಕೂ ಜಾತಿ ಯಾಕೆ ತರ್ತೀರಿ" ಅನ್ನುತ್ತಾರೆ. ಒಬ್ಬರಿಗೆ ಪ್ರೀತಿ ಬೇಡ, ಇನ್ನೊಬ್ಬರಿಗೆ ಪ್ರಶ್ನೆ ಬೇಡ. ನನ್ನ ಅನುಭವದಲ್ಲಿ ಇವೆರಡೂ ಒಂದೇ ಪುಸ್ತಕದ ಮೇಲೆ, ಒಂದೇ ರಾತ್ರಿಯಲ್ಲಿ ನಡೆಯುತ್ತವೆ. ಹೇಗೆ ಎಂಬುದನ್ನು ವಿವರಿಸಲು ನಾಲ್ಕು ಕಾದಂಬರಿಗಳನ್ನು ಎತ್ತಿಕೊಂಡಿದ್ದೇನೆ: ಶಿವರಾಮ ಕಾರಂತರ 'ಚೋಮನ ದುಡಿ', ಕುವೆಂಪು ಅವರ 'ಮಲೆಗಳಲ್ಲಿ ಮದುಮಗಳು', ದೇವನೂರ ಮಹಾದೇವರ 'ಒಡಲಾಳ' ಮತ್ತು 'ಕುಸುಮಬಾಲೆ'. ಎರಡು ಹೊರಗಿನವರು ಬರೆದದ್ದು, ಎರಡು ಒಳಗಿನವರು ಬರೆದದ್ದು. ಒಳಗೆ ಹೊರಗೆ ಎಂಬ ಈ ಗೆರೆ ಎಷ್ಟು ಗಟ್ಟಿ ಎಂಬುದೂ ಓದುತ್ತಾ ಓದುತ್ತಾ ಗೊತ್ತಾಗುವ ಸಂಗತಿ.

ಮೊದಲ ಓದಿನಲ್ಲಿ ನಾವು ಕತೆಯ ಹಿಂದೆ ಓಡುತ್ತೇವೆ. ಎರಡನೆಯ ಓದಿನ ಹೊತ್ತಿಗೆ ಚೋಮ ಸಾಯುತ್ತಾನೆಂದು ಗೊತ್ತು. ಗೊತ್ತಿದ್ದೂ ಅವನ ಗುಡಿಸಲಿಗೆ ಹೋಗಬೇಕು. ಸಾವಿನ ಮನೆಗೆ ಎರಡನೆಯ ಸಲ ಹೋದಾಗ ಅಳು ಕಡಿಮೆಯಾಗಿ ಕಣ್ಣು ಸುತ್ತ ನೋಡುವ ಹಾಗೆ, ಆಗ ಬೇರೆಯದೆಲ್ಲ ಕಾಣತೊಡಗುತ್ತದೆ. ಒಲೆಯ ಮೇಲೆ ಏನಿದೆ, ಯಾರಿಗೆ ಹೆಸರಿದೆ, ಯಾರು ಬರೀ 'ಆಳು' ಆಗಿ ಬಂದು ಹೋದರು, ಕತೆ ಹೇಳುವಾತ ಒಳಗೆ ಬಂದು ಕೂತಿದ್ದಾನೋ ಬಾಗಿಲಲ್ಲೇ ನಿಂತು ಇಣುಕುತ್ತಿದ್ದಾನೋ. ನನಗೆ ಗೊತ್ತಿರುವ ವಿಮರ್ಶೆಯೆಲ್ಲ ಶುರುವಾಗುವುದು ಇಲ್ಲಿಂದ.

ಬೂಸಾ ಪ್ರಕರಣವನ್ನು ನೆನೆಯದೆ ಮುಂದೆ ಹೋಗಲಾರೆ. 1973ರ ನವೆಂಬರಿನಲ್ಲಿ, ದೇವರಾಜ ಅರಸು ಸಂಪುಟದಲ್ಲಿ ಮಂತ್ರಿಯಾಗಿದ್ದ ಬಿ. ಬಸವಲಿಂಗಪ್ಪನವರು ಮೈಸೂರಿನಲ್ಲಿ ಕನ್ನಡ ಸಾಹಿತ್ಯದ ಬಹುಭಾಗ ಬೂಸಾ ಎಂಬರ್ಥದ ಮಾತಾಡಿದರು. ಊರೂರಲ್ಲಿ ಗಲಾಟೆ ಎದ್ದಿತು, ದಲಿತ ವಿದ್ಯಾರ್ಥಿಗಳ ಮೇಲೆ ಹಲ್ಲೆಗಳಾದವು, ಬಸವಲಿಂಗಪ್ಪನವರು ಮಂತ್ರಿಗಿರಿ ಬಿಡಬೇಕಾಯಿತು. ದಲಿತ ಸಂಘರ್ಷ ಸಮಿತಿ, 1979ರ ಬಂಡಾಯ ಸಾಹಿತ್ಯ ಸಂಘಟನೆ, ಒಂದು ತಲೆಮಾರಿನ ಬರಹಗಾರರು, ಎಲ್ಲ ಆ ಬಿಸಿಯಲ್ಲಿ ಮೈ ಕಾಯಿಸಿಕೊಂಡು ಎದ್ದವರೇ. ಇದು ಈ ಸಂಚಿಕೆಯ ಓದುಗರಿಗೆ ಗೊತ್ತಿರುವ ಚರಿತ್ರೆ. ನನ್ನನ್ನು ಕಾಡಿರುವುದು ಆ ಪದ. ಬೂಸಾ ಅಂದರೆ ಹೊಟ್ಟು, ದನಕ್ಕಿಡುವ ತಿಂಡಿ. ದನ ಕಟ್ಟಿದವರ ಮನೆಯಲ್ಲಿ ಅದನ್ನು ಯಾರೂ ತಿಪ್ಪೆಗೆ ಎಸೆಯಲ್ಲ. ಬಸವಲಿಂಗಪ್ಪನವರನ್ನು ಬೈದ ಪಟ್ಟಣಿಗರಿಗೆ ಇದು ಗೊತ್ತಿತ್ತೋ ಇಲ್ಲವೋ. ಹೊಟ್ಟು ಬೇರೆ ಕಾಳು ಬೇರೆ ಆಗಬೇಕಾದರೆ ಯಾರಾದರೂ ಮೊರ ಹಿಡಿದು ಕೂತು ಕೇರಬೇಕು. ಒಂದು ಸಲ ಕೇರಿದರೆ ಆಗುವ ಕೆಲಸವೂ ಅಲ್ಲ ಅದು.

'ಚೋಮನ ದುಡಿ' ಬಂದದ್ದು 1933ರಲ್ಲಿ. ಕತೆ ಎಲ್ಲರಿಗೂ ಗೊತ್ತು, 1975ರಲ್ಲಿ ಬಿ.ವಿ. ಕಾರಂತರು ಸಿನಿಮಾ ಮಾಡಿದ ಮೇಲೆ ಓದದವರಿಗೂ ಗೊತ್ತು. ಸಂಕಪ್ಪಯ್ಯನ ಮೂಲದಾಳು ಚೋಮ. ಒಂದು ಜೊತೆ ಎತ್ತು ಸಾಕಿಕೊಂಡಿದ್ದಾನೆ, ಬೇಸಾಯ ಮಾಡಬೇಕೆಂಬ ಒಂದೇ ಆಸೆ. ಹೊಲೆಯ ಬೇಸಾಯಗಾರ ಆಗಕೂಡದು ಎಂಬುದು ಊರ ಕಟ್ಟಳೆ. ಒಡೆಯನ ಮನಸ್ಸು ಕೊಂಚ ಕರಗಿದರೂ ಅವನ ತಾಯಿ ಬಿಡುವುದಿಲ್ಲ. ಶಾಲೆಯ ಪಾಠಗಳಲ್ಲಿ ಇದನ್ನು ಬಡತನದ ಕತೆ, ಮನಕಲಕುವ ದುರಂತ ಎಂದೆಲ್ಲ ಹೇಳಿಕೊಡುತ್ತಾರೆ. ಮರಳಿ ಓದಿದಾಗ ನನಗೆ ಕಂಡದ್ದು ಬಡತನಕ್ಕಿಂತ ಹೆಚ್ಚಾಗಿ ಒಂದು ಕಾನೂನಿನ ಪ್ರಶ್ನೆ. ಚೋಮನಿಗೆ ಎತ್ತಿದೆ, ತೋಳಿನಲ್ಲಿ ಬಲ ಇದೆ, ಕೆಲಸ ಗೊತ್ತಿದೆ. ಇಲ್ಲದ್ದು ರೈತ ಅನ್ನಿಸಿಕೊಳ್ಳುವ ಹಕ್ಕು.

ಇದನ್ನು ಇನ್ನೊಂದು ಹೆಜ್ಜೆ ಮುಂದಕ್ಕೆ ತೆಗೆದುಕೊಂಡು ಹೋಗಿ. 1974ರ ಮಾರ್ಚ್ 1ರಿಂದ ಭೂಸುಧಾರಣೆಯ ತಿದ್ದುಪಡಿ ಕಾಯ್ದೆ ಜಾರಿಗೆ ಬಂತು. ಉಳುವವನೇ ಹೊಲದೊಡೆಯ ಎಂದು ನಾವೆಲ್ಲ ಕೂಗಿದ ಘೋಷಣೆ. ಗೇಣಿದಾರರು ನಮೂನೆ 7 ತುಂಬಿ ಭೂನ್ಯಾಯ ಮಂಡಳಿಯ ಮುಂದೆ ಹೋದರು, ದಕ್ಷಿಣ ಕನ್ನಡದಲ್ಲಿ ಬಹಳ ಜನರಿಗೆ ಭೂಮಿ ಸಿಕ್ಕಿತು. ಆ ದಿನದವರೆಗೆ ಚೋಮ ಬದುಕಿದ್ದಿದ್ದರೆ? ನಮೂನೆ 7ರಲ್ಲಿ ಏನಂತ ಬರೆಯುತ್ತಿದ್ದ? ಅವನು ಗೇಣಿದಾರನಲ್ಲ. ಗೇಣಿಗೆ ಕೊಡಿ ಎಂದು ಕೇಳಿ ಕೇಳಿ ಇಲ್ಲವೆನ್ನಿಸಿಕೊಂಡವನು. ಹೊಲದಲ್ಲಿ ಉತ್ತು ಬಿತ್ತಿ ಕೊಯ್ದರೂ ಅವನದ್ದು ಕೂಲಿ, ಜೀತ. ಕಾಯ್ದೆಯ ಕಣ್ಣಿಗೆ ಉಳುವವನು ಅಂದರೆ ಗೇಣಿ ಕೊಡುವವನು. ಚೋಮ ದುಡಿ ಬಡಿದು 41 ವರ್ಷ ಆದ ಮೇಲೆ ಬಂದ, ಈ ರಾಜ್ಯದ ಅತ್ಯುತ್ತಮ ಎನ್ನಬಹುದಾದ ಕಾನೂನಿನ ಹೊಸಿಲಿನಲ್ಲೂ ಅವನು ಹೊರಗೇ ನಿಲ್ಲುತ್ತಿದ್ದ. 2020ರಲ್ಲಿ ಅದೇ ಕಾಯ್ದೆಯನ್ನು ಮತ್ತೆ ತಿದ್ದಿ ಕೃಷಿಕರಲ್ಲದವರೂ ಜಮೀನು ಕೊಳ್ಳಬಹುದು ಎಂದು ಮಾಡಿದಾಗ ನಾನು ಪತ್ರಿಕೆ ಮಡಚಿಟ್ಟು 'ಚೋಮನ ದುಡಿ'ಯನ್ನು ಇನ್ನೊಮ್ಮೆ ಓದಿದೆ. ಈಗ ಯಾರು ಬೇಕಾದರೂ ಬೇಸಾಯಗಾರ ಆಗಬಹುದು, ದುಡ್ಡಿದ್ದರೆ. ಅರ್ಜಿ ಬರೆಯಲು ಜನ ಇಲ್ಲ ಅಂದ ಆ ಗೆಳೆಯರಿಗೆ ನಾನು ಹೇಳುವುದು, ಯಾವ ಅರ್ಜಿಯಲ್ಲಿ ಯಾವ ಕಲಮು ಇಲ್ಲ ಎಂಬುದೂ ಕೆಲವು ಸಲ ಕಾದಂಬರಿಯಿಂದ ತಿಳಿಯುತ್ತದೆ ಅಂತ.

ಕಾರಂತರ ಪುಸ್ತಕದಲ್ಲಿ ನನ್ನನ್ನು ಬಿಡದೆ ಕೆಣಕುವ ಇನ್ನೊಂದು ಜಾಗವಿದೆ. ಕ್ರೈಸ್ತನಾದರೆ ಭೂಮಿ ಸಿಕ್ಕೀತೆಂಬ ಆಸೆಯಿಂದ ಹೊರಟ ಚೋಮ, ಪಂಜುರ್ಲಿಯ ಗುಡಿಯ ಬಳಿ ನಿಂತು ಹಿಂತಿರುಗುತ್ತಾನೆ. ಇದನ್ನು ಮಣ್ಣಿನ ಮಗನ ನಿಷ್ಠೆ ಎಂದು ಹೊಗಳಿದ ಬರಹಗಳನ್ನು ಓದಿದ್ದೇನೆ. ಕಾದಂಬರಿ ಬಂದ ಎರಡೇ ವರ್ಷಕ್ಕೆ, 1935ರಲ್ಲಿ, ಯೇವಲೆಯಲ್ಲಿ ಬಾಬಾಸಾಹೇಬರು ತಾವು ಹಿಂದುವಾಗಿ ಸಾಯುವುದಿಲ್ಲವೆಂದು ಸಾರಿದರು. ಈ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡದೆ ಆ ಪುಟವನ್ನು ಓದಲು ನನ್ನಿಂದ ಆಗುವುದಿಲ್ಲ. ಹಾಗಂತ ಚೋಮ ಹಿಂತಿರುಗಿದ್ದು ಬರೀ ಲೇಖಕರ ಕೈವಾಡ ಎಂದು ತಳ್ಳಿಹಾಕಲೂ ಆಗುವುದಿಲ್ಲ. ಆ ಭೂತ ಒಡೆಯನ ದೇವರಲ್ಲ, ಚೋಮ ನಂಬಿದ ದೈವ, ಅವನ ಅಪ್ಪ ಅಜ್ಜಂದಿರ ಜೊತೆ ಮಾತಾಡಿದ್ದು. ನಮ್ಮ ಕೇರಿಗಳಲ್ಲೂ ಬಾಬಾಸಾಹೇಬರ ಫೋಟೋದ ಪಕ್ಕದಲ್ಲೇ ಮಾರಮ್ಮ ಇದ್ದಾಳೆ. ಈ ಜಗಳ ಇನ್ನೂ ತೀರಿಲ್ಲ, ಹಾಗಾಗಿ ಆ ಪುಟವೂ ಮುಗಿದಿಲ್ಲ.

ಆದರೆ ಚೋಮನ ಗುಡಿಸಲಲ್ಲಿ ಒಂದು ಕೊರತೆ ಇದೆ. ಅದು ಏನಂತ ಹೆಸರಿಟ್ಟು ಹೇಳಲು ಬಂದದ್ದು 'ಒಡಲಾಳ' ಓದಿದ ಮೇಲೆ.

'ಒಡಲಾಳ' ಎಪ್ಪತ್ತರ ದಶಕದ ಕೊನೆಯಲ್ಲಿ ಬಂದ ಸಣ್ಣ ಪುಸ್ತಕ. ಸಾಕವ್ವ ಎಂಬ ಮುದುಕಿ, ಕಳೆದುಹೋದ ಅವಳ ಹುಂಜ, ಅವಳ ಮಕ್ಕಳು ಮೊಮ್ಮಕ್ಕಳು, ಸಾಹುಕಾರ ಎತ್ತಪ್ಪನ ಮನೆಯಿಂದ ಬಂದ ಕಡಲೆಕಾಯಿ, ಮಾರನೆಯ ದಿನ ಪೊಲೀಸರು. ಕತೆ ಅಂತ ಹೇಳಹೊರಟರೆ ಇಷ್ಟೇ. ನಾನಿದನ್ನು ಊರಿಗೆ ಹೋದಾಗ ಅವ್ವನಿಗೆ ಓದಿ ಹೇಳಿದ್ದೆ. ಅವ್ವನಿಗೆ ಓದು ಬರಹ ಇಲ್ಲ. ಕೇಳ್ತಾ ಕೇಳ್ತಾ ಅವಳಿಗೆ ಅದು ಪುಸ್ತಕ ಅನ್ನೋದೇ ಮರೆತುಹೋಯಿತು. ನಡುವೆ ಎದ್ದು ಒಲೆ ಕೆದಕಿ ಬಂದವಳು ಮೊದಲು ಕೇಳಿದ್ದು, "ಹುಂಜ ಸಿಕ್ತ?" ಎಂದು. ರಾತ್ರಿಯೆಲ್ಲ ಮನೆಮಂದಿ ಸುತ್ತ ಕೂತು ಕಡಲೆಕಾಯಿ ತಿನ್ನುವ ಭಾಗ ಬಂದಾಗ ನಕ್ಕಳು. ಆಮೇಲೆ ಇದ್ದಕ್ಕಿದ್ದ ಹಾಗೆ ಅವಳ ಮುಖ ಗಂಟಿಕ್ಕಿತು. "ಅಲ್ಲ ಕನಪ್ಪ, ಸಿಪ್ಪನ ಏನ್ಮಾಡುದ್ರು? ಪೋಲೀಸ್ನೋರು ಬಂದ್ರ ಮೊದ್ಲು ನೋಡದು ಅದ್ನಲ್ವಾ?"

ಆ ಕಾದಂಬರಿಯ ಮೇಲೆ ಬಂದ ವಿಮರ್ಶೆಗಳನ್ನು ನಾನು ಸಾಕಷ್ಟು ಓದಿದ್ದೇನೆ. ಪುಟ್ಟಗೌರಿ ಗೋಡೆಯ ಮೇಲೆ ಬರೆದ ನವಿಲಿನ ಬಗ್ಗೆ, ಅದರ ಸಾಂಕೇತಿಕತೆಯ ಬಗ್ಗೆ ತುಂಬ ಚೆನ್ನಾಗಿ ಬರೆದಿದ್ದಾರೆ. ನವಿಲು ಅಲ್ಲಿ ಇರಬೇಕಾದದ್ದೇ, ಅದರ ಸೊಗಸನ್ನು ನಾನು ಕಡಿಮೆ ಮಾಡುತ್ತಿಲ್ಲ. ಆದರೆ ಸಿಪ್ಪೆ ಏನಾಯಿತು ಎಂಬ ಪ್ರಶ್ನೆ, ಮನೆ ಜಾಲಾಡಿಸಿಕೊಂಡ ಜನಕ್ಕೆ ಮಾತ್ರ ಮೊದಲು ಹೊಳೆಯುವಂಥದ್ದು. ದಲಿತ ವಿಮರ್ಶೆಗೆ ಬೇರೆ ಸಿದ್ಧಾಂತ ಬೇಕೇ ಬೇಡವೇ ಎಂದು ವಿಚಾರ ಸಂಕಿರಣಗಳಲ್ಲಿ ಜಗಳ ಆಗುವಾಗ ನನಗೆ ಅವ್ವನ ಸಿಪ್ಪೆ ನೆನಪಾಗುತ್ತದೆ. ಸಿದ್ಧಾಂತ ಬೇಡ ಅಂತಲ್ಲ. ಅದು ಎಲ್ಲಿಂದ ಹೊರಡಬೇಕು ಅನ್ನೋದಷ್ಟೇ ನನ್ನ ಮಾತು.

ಇನ್ನೊಂದು ವಿಷಯ. ಸಾಕವ್ವನ ಮನೆಯಲ್ಲಿ ಹಸಿವಿದೆ, ಆದರೆ ಹಸಿವಿಗೆ ಕೈಮುಗಿದು ಕೂತ ಜನ ಅವರಲ್ಲ. ಬೈತಾರೆ, ಜಗಳ ಆಡ್ತಾರೆ, ಒಬ್ಬರ ಮಾತಿಗೆ ಒಬ್ಬರು ಕೊಂಕು ತೆಗೀತಾರೆ, ನಗ್ತಾರೆ. ಕಳವಿನ ಕಡಲೆಕಾಯಿ ಅಲ್ಲಿ ಹಬ್ಬ ಆಗುತ್ತದೆ. ಅದನ್ನು ಕಳವು ಅನ್ನಬೇಕೋ ಬಾಕಿ ವಸೂಲಿ ಅನ್ನಬೇಕೋ, ಓದುಗ ತೀರ್ಮಾನಿಸಲಿ ಎಂದು ಮಹಾದೇವ ಸುಮ್ಮನಿದ್ದುಬಿಡುತ್ತಾರೆ. ಕರುಣೆಗೆ ಅಲ್ಲಿ ಕೂರಲು ಜಾಗ ಇಲ್ಲ. ಇದನ್ನು ಓದಿ ಮತ್ತೆ ಚೋಮನ ಗುಡಿಸಲಿಗೆ ಹೋದರೆ ಅಲ್ಲಿಯ ಮೌನ ಎದೆಗೆ ಹೊಡೆಯುತ್ತದೆ. ಚೋಮನಿಗೆ ದುಡಿ ಇದೆ, ನೆರೆಹೊರೆ ಇಲ್ಲ. ಅವನ ಬಿಡಾರಕ್ಕೆ ಬಂದು ಎಲೆಅಡಿಕೆ ಕೇಳುವ, ಬೆಳ್ಳಿಯ ಬಗ್ಗೆ ಚಾಡಿ ಹೇಳುವ, ಮಕ್ಕಳು ಸತ್ತಾಗ ಬಂದು ಎದೆ ಬಡಿದುಕೊಳ್ಳುವ ಕೇರಿಯ ಹೆಂಗಸರು ಎಲ್ಲಿ? ನೀಲ ನೀರಿನಲ್ಲಿ ಮುಳುಗುವಾಗ ದಡದಲ್ಲಿ ಮೇಲ್ಜಾತಿಯವರು ನಿಂತಿದ್ದರೆಂದು ಕಾರಂತರು ಕಣ್ಣು ಕುಕ್ಕುವ ಹಾಗೆ ಬರೆದರು. ಅದು ದೊಡ್ಡ ಬರವಣಿಗೆ. ಆ ರಾತ್ರಿ ಕೇರಿಯಲ್ಲಿ ಏನು ಮಾತಾಯಿತೆಂಬುದು ರಸ್ತೆಯ ಮೇಲೆ ನಿಂತವರಿಗೆ ಕೇಳಿಸುವಂಥದ್ದಲ್ಲ. ಹೀಗೆ ಆಮೇಲೆ ಬಂದ ಒಂದು ಪುಸ್ತಕ 45 ವರ್ಷ ಹಿಂದಿನ ಪುಸ್ತಕವನ್ನು ಬದಲಾಯಿಸುತ್ತದೆ. ನಾವು ಹಳೆಯದನ್ನು ಎಸೆಯಬೇಕಾಗಿಲ್ಲ. ಹೊಸದನ್ನು ಓದಿ, ಹಳೆಯದರ ಬಳಿಗೆ ವಾಪಸು ಹೋಗಬೇಕು.

ಇನ್ನು ನನ್ನನ್ನು ಎಲ್ಲಕ್ಕಿಂತ ಹೆಚ್ಚು ಸತಾಯಿಸಿದ, ಆದ್ದರಿಂದಲೇ ಎಲ್ಲಕ್ಕಿಂತ ಹೆಚ್ಚು ಸಲ ಓದಿಸಿಕೊಂಡ ಕಾದಂಬರಿ 'ಮಲೆಗಳಲ್ಲಿ ಮದುಮಗಳು'. 'ಕಾನೂರು ಹೆಗ್ಗಡಿತಿ' ಬಂದು 31 ವರ್ಷ ಆದ ಮೇಲೆ, 1967ರಲ್ಲಿ ಕುವೆಂಪು ಇದನ್ನು ಕೊಟ್ಟರು. ಕಾದಂಬರಿ ತೆರೆಯುವುದೇ ಸಿಂಬಾವಿ ಹೆಗ್ಗಡೆಯವರ ಜೀತದಾಳು ಗುತ್ತಿ ಮತ್ತು ಅವನ ನಾಯಿ ಹುಲಿಯನಿಂದ. ಊರು ಅವನನ್ನು ಕರೆಯುವುದು ನಾಯಿಗುತ್ತಿ ಎಂದು. ಕನ್ನಡದ ಒಂದು ಮಹಾಕಾದಂಬರಿಗೆ ಹೊಲೆಯನೊಬ್ಬ ದಾರಿ ತೋರಿಸುತ್ತಾ ಮುಂದೆ ನಡೆಯುತ್ತಾನೆ ಎಂಬುದೇ ಮೊದಲ ಓದಿನಲ್ಲಿ ನನಗೆ ಮೈನವಿರೇಳಿಸಿದ ಸಂಗತಿ. ಹಾಸ್ಟೆಲಿನಲ್ಲಿ ನಾವು ಕೆಲವರು ಸರದಿ ಮೇಲೆ ಓದಿದ ಪ್ರತಿ ಅದು, ಒಬ್ಬ ಓದಿ ಮುಗಿಸುವ ತನಕ ಇನ್ನೊಬ್ಬ ಕಾಯಬೇಕು.

ಈ ಕಾದಂಬರಿಗೆ ಗೊತ್ತಿರುವ ಒಂದು ವಿಷಯ ಬಹಳ ಸಮಾಜಶಾಸ್ತ್ರದ ಪುಸ್ತಕಗಳಿಗೆ ಗೊತ್ತಿಲ್ಲ. ಗುತ್ತಿಗೆ ತಿಮ್ಮಿ ಬೇಕು. ತಿಮ್ಮಿ ಸಂಬಂಧದಲ್ಲಿ ಅವನಿಗೆ ಬರಬೇಕಾದ ಹುಡುಗಿ, ಅವಳಿಗೂ ಮನಸ್ಸಿದೆ. ತೊಡಕು ಎಲ್ಲಿ? ಅವಳು ಬೆಟ್ಟಳ್ಳಿ ಗೌಡರ ಹೊಲಗೇರಿಯವಳು, ಅವನು ಸಿಂಬಾವಿಯ ಆಳು. ಅವಳು ಇವನನ್ನು ಮದುವೆಯಾಗಿ ಹೋದರೆ ಬೆಟ್ಟಳ್ಳಿಗೆ ಒಂದು ಹೆಣ್ಣಾಳು ನಷ್ಟ, ಅವಳ ಹೊಟ್ಟೆಯಲ್ಲಿ ಹುಟ್ಟುವ ಆಳುಗಳೂ ನಷ್ಟ. ಆದ್ದರಿಂದ ಗೌಡರು ಅವಳನ್ನು ತಮ್ಮ ಕೇರಿಯ ಆಳಿಗೇ ಕಟ್ಟಲು ನೋಡುತ್ತಾರೆ. ಜೀತ ಅಂದರೆ ಬರೀ ಸಾಲಕ್ಕೆ ದುಡಿಯುವುದು ಎಂದು ನಾವು ಭಾಷಣಗಳಲ್ಲಿ ಹೇಳುತ್ತೇವೆ. 1976ರ ಜೀತ ನಿರ್ಮೂಲನ ಕಾಯ್ದೆಯ ಮಾತೂ ಹೆಚ್ಚಾಗಿ ಸಾಲದ ಲೆಕ್ಕದಲ್ಲೇ ಇದೆ. ಯಾರು ಯಾರನ್ನು ಪ್ರೀತಿಸಬೇಕು, ಯಾವ ಗುಡಿಸಲಲ್ಲಿ ಮಗು ಹುಟ್ಟಬೇಕು ಎಂಬುದನ್ನೂ ಒಡೆಯನ ಲೆಕ್ಕದ ಪುಸ್ತಕ ತೀರ್ಮಾನಿಸುತ್ತಿತ್ತು ಎಂಬುದನ್ನು ಒಂದು ಪ್ರೇಮಕತೆಯ ಒಳಗಿಟ್ಟು ಕುವೆಂಪು ತೋರಿಸಿದರು. ಗುತ್ತಿ ತಿಮ್ಮಿಯನ್ನು ಕರೆದುಕೊಂಡು ರಾತ್ರಿ ಕಾಡು ಹಾಯುವುದನ್ನು ಹಾಗೆ ನೋಡಿದರೆ, ಅದು ಹುಡುಗ ಹುಡುಗಿ ಓಡಿಹೋದ ಕತೆಯಷ್ಟೇ ಆಗಿ ಉಳಿಯುವುದಿಲ್ಲ. ಒಡೆಯನ ಆಸ್ತಿಯೊಂದು ಎದ್ದು ತನ್ನ ಕಾಲಮೇಲೆ ನಡೆದುಹೋದ ಕತೆಯೂ ಹೌದು.

ಅದೇ ಪುಸ್ತಕದಲ್ಲಿ ಇನ್ನೊಂದು ಜೋಡಿ ಇದೆ, ಮುಕುಂದಯ್ಯ ಮತ್ತು ಚಿನ್ನಮ್ಮ. ಸಿಂಬಾವಿ ಹೆಗ್ಗಡೆಗೆ ಎರಡನೆಯ ಹೆಂಡತಿಯಾಗಿ ಹೋಗಲೊಪ್ಪದೆ ಚಿನ್ನಮ್ಮನೂ ಮನೆಬಿಟ್ಟು ಕಾಡಿಗೆ ನಡೆಯುತ್ತಾಳೆ. ಅವಳ ಧೈರ್ಯ ಕಡಿಮೆಯದಲ್ಲ. ಆದರೆ ಅವಳಿಗೆ ಕಾಡಿನಲ್ಲಿ ಕಾವಲಿರಲು ಪೀಂಚಲು ಇದ್ದಾಳೆ, ಐತ ಇದ್ದಾನೆ. ದುಡಿಯುವವರ ಪ್ರೀತಿ ಒಡೆಯರ ಪ್ರೀತಿಗೆ ಕಾವಲು ನಿಲ್ಲುತ್ತದೆ. ಗುತ್ತಿ ತಿಮ್ಮಿಯರಿಗೆ ಯಾರು ಕಾವಲು? ಒಂದು ನಾಯಿ. ಮುನ್ನುಡಿಯಲ್ಲಿ ಕುವೆಂಪು ಇಲ್ಲಿ ಮೇಲುಕೀಳಿಲ್ಲ ಎಂಬ ದರ್ಶನವನ್ನು ಹೇಳಿದ್ದಾರೆ, ಅದು ನಮ್ಮ ಹುಡುಗರಿಗೆಲ್ಲ ಬಾಯಿಪಾಠ. ಆ ದರ್ಶನವನ್ನು ನಾನು ಅನುಮಾನಿಸುವುದಿಲ್ಲ. ಆದರೆ ಮುನ್ನುಡಿ ಹೇಳುವುದಕ್ಕಿಂತ ಹೆಚ್ಚನ್ನು ಕಾದಂಬರಿ ಕಂಡಿದೆ. ಎಲ್ಲರೂ ಸಮಾನ ಮುಖ್ಯರು ಎನ್ನುವ ಜಗತ್ತಿನಲ್ಲೂ ಓಡಿಹೋದ ಮೇಲೆ ಹಿಂತಿರುಗಲು ಒಬ್ಬರಿಗೆ ಮನೆ ಇದೆ, ಇನ್ನೊಬ್ಬರಿಗೆ ಇಲ್ಲ ಎಂಬುದನ್ನು ಅದು ಮುಚ್ಚಿಡುವುದಿಲ್ಲ.

ಇಲ್ಲೊಂದು ಗಂಟಿದೆ, ನಮ್ಮ ವಿಮರ್ಶೆ ಅದನ್ನು ಮುಟ್ಟಲು ಸ್ವಲ್ಪ ಹಿಂಜರಿಯುತ್ತದೆ. ಕುವೆಂಪು ಶೂದ್ರ ಪ್ರಜ್ಞೆಯ ದೊಡ್ಡ ಲೇಖಕರು, ಪುರೋಹಿತಶಾಹಿಯ ವಿರುದ್ಧ ಅವರು ಕೊಟ್ಟ ಧೈರ್ಯದಲ್ಲಿ ನಾವೂ ಪಾಲು ಪಡೆದಿದ್ದೇವೆ. ಆದರೆ ಈ ಕಾದಂಬರಿಯಲ್ಲಿ ಗುತ್ತಿಯ ಬೆನ್ನಿಗೆ ಹತ್ತಿರವಾಗಿರುವ ಕೋಲು ಯಾರ ಕೈಯಲ್ಲಿದೆ? ಹೆಗ್ಗಡೆ, ಗೌಡ. ಬ್ರಾಹ್ಮಣ ದೂರ ಇದ್ದಾನೆ. ಹಳ್ಳಿಯಲ್ಲಿ ಹುಟ್ಟಿದ ದಲಿತನಿಗೆ ಇದು ಹೊಸ ಸುದ್ದಿಯಲ್ಲ. ವೇದಿಕೆಯ ಮೇಲೆ ಶೂದ್ರ ದಲಿತ ಐಕ್ಯದ ಮಾತಾಡಿ ಇಳಿದವರು ಊರಿಗೆ ಹೋದಾಗ ಹೋಟೆಲಿನಲ್ಲಿ ಯಾವ ಲೋಟದಲ್ಲಿ ಟೀ ಕುಡಿದರು ಎಂಬುದು ಅವರಿಗೇ ಗೊತ್ತು. ಕುವೆಂಪು ತಮ್ಮವರ ಮನೆಗಳನ್ನು ಚೆಲುವಾಗಿ ಮಾತ್ರ ತೋರಿಸಿದ್ದರೆ ನಾನು ಆ ಪುಸ್ತಕಕ್ಕೆ ಎರಡನೆಯ ಸಲ ಹೋಗುತ್ತಿರಲಿಲ್ಲ. ಅವರು ಆ ಚೌಕಿಮನೆಗಳ ಜಗಲಿಯನ್ನೂ ಕಂಡಿದ್ದಾರೆ, ಹಿತ್ತಲನ್ನೂ ಕಂಡಿದ್ದಾರೆ. ಕೆಲವು ಕಡೆ ಗುತ್ತಿಯನ್ನು ನೋಡಿ ನಿರೂಪಣೆ ನಗುತ್ತದೆ. ಗುತ್ತಿ ತಾನೇ ನಗುವಾಗ ನಾನೂ ಜೊತೆಗೆ ನಗುತ್ತೇನೆ, ಅವನನ್ನು ನೋಡಿ ನಗುವ ಸಾಲುಗಳಲ್ಲಿ ನನ್ನ ಪೆನ್ಸಿಲು ನಿಲ್ಲುತ್ತದೆ. ಹೀಗೆ ಗುರುತು ಹಾಕಿದ ಪುಟಗಳು ನನ್ನ ಪ್ರತಿಯಲ್ಲಿ ಸಾಕಷ್ಟಿವೆ.

ಕೊನೆಯಲ್ಲಿ ತುಂಗೆಯ ನೆರೆಯಲ್ಲಿ ಹುಲಿಯ ಕೊಚ್ಚಿಹೋಗುತ್ತದೆ. 2010ರಲ್ಲಿ ಮೈಸೂರಿನ ರಂಗಾಯಣ ಸಿ. ಬಸವಲಿಂಗಯ್ಯನವರ ನಿರ್ದೇಶನದಲ್ಲಿ ಇದನ್ನು ರಾತ್ರಿಯಿಡೀ ಆಡಿದಾಗ ಬೆಳಗಿನ ಚಳಿಯಲ್ಲಿ ಜನ ಆ ನಾಯಿಗಾಗಿ ಅತ್ತರು. ನಾನೂ ಅತ್ತೆ. ಅಳುತ್ತಲೇ ಒಂದು ಯೋಚನೆ ಬಂತು. ನಾಯಿಗೆ ಇಷ್ಟು ಜನ ಅಳುತ್ತಾರೆ, ಗುತ್ತಿ ಮುಂದೆ ಎಲ್ಲಿ ದುಡಿದ, ಏನು ತಿಂದ ಎಂದು ಬಸ್ಸು ಹತ್ತುವಾಗ ಯಾರಾದರೂ ಕೇಳಿಕೊಂಡರೆ? ಅಳುವೂ ಸುಳ್ಳಲ್ಲ, ಈ ಪ್ರಶ್ನೆಯೂ ಸುಳ್ಳಲ್ಲ.

'ಕುಸುಮಬಾಲೆ'ಯ ಬಗ್ಗೆ ಹೆಚ್ಚು ಹೇಳಲಾರೆ, ಅದರ ಮೇಲೆ ಬೇಕಾದಷ್ಟು ಬಂದಿದೆ. 1984ರಲ್ಲಿ ಪ್ರಕಟವಾಗಿ, 1990ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಬಹುಮಾನ ಪಡೆದು, 2015ರಲ್ಲಿ ಸೂಸನ್ ಡೇನಿಯಲ್ ಅವರ ಅನುವಾದದಲ್ಲಿ ಇಂಗ್ಲಿಷಿಗೂ ಹೋಯಿತು. ನಂಜನಗೂಡು ಸೀಮೆಯ ಆಡುಮಾತಿನಲ್ಲೇ ಪೂರ್ತಿ ನಿಂತ ಪುಸ್ತಕ. ಅರ್ಥವಾಗಲ್ಲ ಎಂದು ಪಟ್ಟಣದ ಓದುಗರು ದೂರಿದರು. ಅರ್ಥವಾಗದಿರುವುದು ಅವರಿಗೆ ಹೊಸ ಅನುಭವ, ನಮಗೆ ಒಂದನೇ ತರಗತಿಯಿಂದಲೂ ರೂಢಿ. ಅದನ್ನು ಕಣ್ಣಿನಿಂದ ಓದಲು ಕೂತರೆ ಆ ಸೀಮೆಯ ನನಗೂ ತಡವರಿಕೆಯೇ, ಯಾಕೆಂದರೆ ನಮ್ಮ ಕಣ್ಣಿಗೆ ಕಲಿಸಿರುವುದು ಪಠ್ಯಪುಸ್ತಕದ ಕನ್ನಡ. ಬಾಯಿಬಿಟ್ಟು ಓದಿದರೆ ಸರಸರ ಸಾಗುತ್ತದೆ. ಊರು ಮಲಗಿದ ಮೇಲೆ ಮನೆಮನೆಯ ದೀಪಗಳ ಜೋತಮ್ಮಂದಿರು ಒಂದೆಡೆ ಸೇರಿ ತಂತಮ್ಮ ಮನೆಯ ಸುದ್ದಿ ಹೇಳಿಕೊಳ್ಳುತ್ತಾರೆ. ಇದು ನಮ್ಮ ಜನಪದ ಕತೆಗಳಲ್ಲಿ ಇರುವುದೇ, ಅಜ್ಜಿಯರು ಹೇಳಿದ್ದೇ. ಆದರೆ ಇಲ್ಲಿ ಅದು ಬಂದು ನಿಲ್ಲುವ ಜಾಗ ಬೇರೆ. ಮೇಲ್ಜಾತಿಯ ಹುಡುಗಿ ಕುಸುಮ ಪ್ರೀತಿಸಿದ ಚೆನ್ನ ಎಂಬ ನಮ್ಮ ಹುಡುಗ ಇಲ್ಲವಾಗಿದ್ದಾನೆ. ಬಾಯಿದ್ದ ಜನ ಸುಮ್ಮನಿದ್ದಾರೆ, ದೀಪ ಮಂಚಗಳು ಮಾತಾಡುತ್ತಿವೆ. ಸಾಕ್ಷಿಗಳೆಲ್ಲ ತಿರುಗಿಬಿದ್ದ ಎಷ್ಟೋ ಮೊಕದ್ದಮೆಗಳನ್ನು ಕಂಡವರಿಗೆ ಇದರಲ್ಲಿ ಮಾಯಾಜಾಲ ಏನೂ ಕಾಣುವುದಿಲ್ಲ. ಈಗ ಪತ್ರಿಕೆಗಳು ಇಂಥ ಕೊಲೆಗೆ 'ಮರ್ಯಾದೆ ಹತ್ಯೆ' ಎಂಬ ಹೆಸರು ಕಂಡುಕೊಂಡಿವೆ. ಯಾರ ಮರ್ಯಾದೆ ಎಂದು ಆ ಪದ ಹೇಳುವುದಿಲ್ಲ, ಕಾದಂಬರಿ ಹೇಳುತ್ತದೆ.

ಈಚೆಗೆ ಒಂದು ಹಾಸ್ಟೆಲಿನ ವಿದ್ಯಾರ್ಥಿನಿಯರ ಜೊತೆ ತಿಂಗಳಿಗೊಂದು ಭಾನುವಾರ ಕೂತು ಈ ಪುಸ್ತಕಗಳನ್ನು ಓದುತ್ತಿದ್ದೇವೆ. ಒಬ್ಬರು ಗಟ್ಟಿಯಾಗಿ ಓದಬೇಕು, ಉಳಿದವರು ಎಲ್ಲಿ ಬೇಕಾದರೂ ತಡೆದು ಕೇಳಬಹುದು. ಒಂದು ಮಧ್ಯಾಹ್ನಕ್ಕೆ ಹತ್ತು ಹದಿನೈದು ಪುಟ ಸಾಗಿದರೆ ಹೆಚ್ಚು. ಪರೀಕ್ಷೆಗೆ ಇದರಿಂದ ಪ್ರಯೋಜನ ಇಲ್ಲ ಎಂದು ಗೊತ್ತಿದ್ದೂ ಬರುತ್ತಾರೆ. ಹೋದ ಸಲ ಒಬ್ಬ ಹುಡುಗಿ ಕೇಳಿದಳು, "ಸಾರ್, ನೀವು ಹೇಳೋ ನಾಲ್ಕೂ ಪುಸ್ತಕ ಗಂಡಸರೇ ಬರೆದಿದ್ದು. ಚೋಮ ಏನ್ ಯೋಚನೆ ಮಾಡ್ದ, ಗುತ್ತಿ ಏನ್ ಯೋಚನೆ ಮಾಡ್ದ ಅಂತ ಇದೆ. ತಿಮ್ಮಿ ಆ ರಾತ್ರಿ ಮನೆ ಬಿಡೋವಾಗ ಏನ್ ಯೋಚನೆ ಮಾಡಿದ್ಲು, ಎಲ್ಲಿದೆ?" ಪಕ್ಕದವಳು ಸೇರಿಸಿದಳು, "ಹೊರಡು ಅಂದ ತಕ್ಷಣ ಹೊರಟುಬಿಟ್ಲಾ? ಅವ್ವನ್ನ ಬಿಟ್ಟು?"

ಗುಂಪಿನಲ್ಲಿ ಸ್ವಲ್ಪ ಹೊತ್ತು ಗಲಾಟೆ ಆಯಿತು. ಇದೆ ಅಂದರು ಕೆಲವರು, ಇಲ್ಲ ಅಂದರು ಕೆಲವರು. ಪುಸ್ತಕ ತಿರುವಿ ಹಾಕಿದರೆ ಒಂದೆರಡು ಕಡೆ ಇದ್ದ ಹಾಗೂ ಇದೆ, ಇಲ್ಲದ ಹಾಗೂ ಇದೆ. ಕೊನೆಗೆ ಮುಂದಿನ ಭಾನುವಾರಕ್ಕೆ ತಿಮ್ಮಿ ಬರುವ ಪುಟಗಳನ್ನಷ್ಟೇ ಗುರುತು ಮಾಡಿಕೊಂಡು ಬರುವುದೆಂದು ತೀರ್ಮಾನವಾಯಿತು. ಹಾಸ್ಟೆಲಿನ ಪ್ರತಿ ಒಂದೇ ಇರುವುದರಿಂದ ನನ್ನದನ್ನೂ ಅವರಿಗೆ ಕೊಟ್ಟು ಬಂದಿದ್ದೇನೆ. ನನ್ನ ಹಳೆಯ ಪೆನ್ಸಿಲು ಗೆರೆಗಳನ್ನು ನೋಡಬೇಡಿ, ನಿಮ್ಮದನ್ನು ಬೇರೆ ಬಣ್ಣದಲ್ಲಿ ಹಾಕಿ ಎಂದು ಹೇಳಿದ್ದೇನೆ.